ಹಾಪ್ ಬಿಯರಿನ ಅಂಕಪಟ್ಟಿ: ಸಣ್ಣ ಉತ್ಪಾದಕರಿಗೊಂದು ಪಾಠ

ಸಣ್ಣ ಉತ್ಪಾದಕರ ಕೊರತೆಗಳ ಪಟ್ಟಿ ಮಾಡುವಾಗ ಬಂಡವಾಳ, ವಿದ್ಯುತ್, ಕಾರ್ಮಿಕರು, ತೆರಿಗೆ ಇವೆಲ್ಲವೂ ತಪ್ಪದೆ ಬರುತ್ತವೆ. ಆ ಪಟ್ಟಿಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುವ ಇನ್ನೊಂದು ಕೊರತೆಯಿದೆ. ತಾನು ತಯಾರಿಸಿದ ಸರಕು ನಿಜವಾಗಿಯೂ ಚೆನ್ನಾಗಿದೆಯೇ, ಇಲ್ಲದಿದ್ದರೆ ಎಲ್ಲಿ ಕೆಟ್ಟಿದೆ ಎಂದು ನಿಷ್ಪಕ್ಷಪಾತವಾಗಿ ಹೇಳುವವರು ಸಣ್ಣ ಉತ್ಪಾದಕನಿಗೆ ಸಿಗುವುದಿಲ್ಲ. ದೊಡ್ಡ ಕಂಪನಿಗೆ ತನ್ನದೇ ಪ್ರಯೋಗಾಲಯವಿರುತ್ತದೆ, ರುಚಿ ನೋಡುವ ತರಬೇತಾದ ತಂಡವಿರುತ್ತದೆ, ಮಾರುಕಟ್ಟೆ ಸಮೀಕ್ಷೆಗೆ ಹಣವಿರುತ್ತದೆ. ಸಣ್ಣ ಘಟಕದ ಮಾಲೀಕನಿಗೆ ಇರುವುದು ಮನೆಯವರ ಮೆಚ್ಚುಗೆ, ವಿತರಕರ ಚೌಕಾಸಿ ಮತ್ತು ಗ್ರಾಹಕರ ಮೌನ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಕಾರ್ಖಾನೆಗೂ ಅನ್ವಯಿಸುತ್ತದೆ. ಸರಕು ಹಿಡಿಸದ ಗ್ರಾಹಕ ದೂರು ಬರೆಯುವ ಗೋಜಿಗೆ ಹೋಗುವುದಿಲ್ಲ. ಮುಂದಿನ ಸಲ ಬೇರೆ ಪೊಟ್ಟಣ ಕೊಂಡು ಹೋಗುತ್ತಾನೆ.

ಈ ಕೊರತೆಯನ್ನು ಒಂದು ಉದ್ಯಮ ಹೇಗೆ ನೀಗಿಸಿಕೊಂಡಿತು ಮತ್ತು ಆ ಹಾದಿಯಲ್ಲಿ ಎಲ್ಲೆಲ್ಲಿ ಎಡವಿತು ಎಂಬುದಕ್ಕೆ ಅಮೆರಿಕದ ಕ್ರಾಫ್ಟ್ ಬಿಯರ್ ಉದ್ಯಮ, ಅದರಲ್ಲಿಯೂ ಹಾಪ್ ಹೂವಿನ ಕಹಿ ಮತ್ತು ಪರಿಮಳವೇ ಪ್ರಧಾನವಾದ ಬಿಯರುಗಳ ಪರೀಕ್ಷೆ ಮತ್ತು ಅಂಕನೀಡಿಕೆ, ಉತ್ತಮ ನಿದರ್ಶನ. ಮದ್ಯಪಾನದ ಒಳಿತು ಕೆಡುಕುಗಳ ಚರ್ಚೆ ಬೇರೆಯೇ ಇದೆ, ಅದನ್ನು ಮರೆಯಬೇಕಾಗಿಲ್ಲ. ಪಾನೀಯವನ್ನು ಮುಟ್ಟದ ವ್ಯಾಪಾರಿಗೂ ಅದರ ಅಂಕಪಟ್ಟಿಯಿಂದ ಕಲಿಯುವುದು ಸಾಕಷ್ಟಿದೆ.

ಹಿನ್ನೆಲೆ

ಈ ಬಗೆಯ ಬಿಯರಿನಲ್ಲಿ ಅತ್ಯಂತ ಪ್ರಸಿದ್ಧವಾದ ‘ಇಂಡಿಯಾ ಪೇಲ್ ಏಲ್’ ಅಥವಾ ಐಪಿಎ ಎಂಬುದರ ಹೆಸರಿನಲ್ಲೇ ಭಾರತವಿದೆ. 18ನೇ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನ ಬೋ ಎಂಬಲ್ಲಿದ್ದ ಹಾಜ್‌ಸನ್ ಬ್ರೂಯರಿಯ ಬಿಯರು ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಭಾರತಕ್ಕೆ ಬರುತ್ತಿತ್ತು. 1820ರ ದಶಕದಲ್ಲಿ ಬರ್ಟನ್ ಪಟ್ಟಣದ ಆಲ್‌ಸಪ್ ಮತ್ತು ಬಾಸ್ ಸಂಸ್ಥೆಗಳು ಇದೇ ಮಾರುಕಟ್ಟೆಗಾಗಿ ಪೈಪೋಟಿಗಿಳಿದವು. ತಿಂಗಳುಗಟ್ಟಲೆ ಸಮುದ್ರಯಾನದಲ್ಲಿ ಬಿಯರು ಕೆಡದಿರಲೆಂದು ಹಾಪ್ ಹೂವನ್ನು ಹೇರಳವಾಗಿ ಬಳಸುತ್ತಿದ್ದರು. ಹಾಪ್‌ನಲ್ಲಿರುವ ಕಹಿ ಅಂಶಗಳು ಕೆಲವು ಬಗೆಯ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ಅಂದು ದೂರದ ಗ್ರಾಹಕನ ನಾಲಗೆಯೇ ಅಂಕಪಟ್ಟಿ. ಸರಕು ಕೆಟ್ಟು ಬಂದರೆ ಮುಂದಿನ ಹಡಗಿಗೆ ಬೇಡಿಕೆ ಇರುತ್ತಿರಲಿಲ್ಲ.

20ನೇ ಶತಮಾನದ ಅಮೆರಿಕದಲ್ಲಿ ಈ ವೈವಿಧ್ಯ ಬಹುಮಟ್ಟಿಗೆ ಅಳಿದಿತ್ತು. 1970ರ ದಶಕದ ಕೊನೆಯ ವೇಳೆಗೆ ಅಷ್ಟು ದೊಡ್ಡ ದೇಶದಲ್ಲಿ ಉಳಿದಿದ್ದ ಬ್ರೂಯರಿಗಳ ಸಂಖ್ಯೆ ನೂರಕ್ಕಿಂತ ಕಡಿಮೆ. ಉಳಿದವುಗಳಲ್ಲಿ ಬಹುಪಾಲು ತಿಳಿಬಣ್ಣದ, ಕಹಿ ಅತ್ಯಲ್ಪವಾದ ಒಂದೇ ಬಗೆಯ ಬಿಯರನ್ನು ತಯಾರಿಸುತ್ತಿದ್ದವು. ಬೆಲೆ ಮತ್ತು ಜಾಹೀರಾತು ಎರಡರಲ್ಲಿಯೂ ಅವುಗಳನ್ನು ಎದುರಿಸುವುದು ಸಣ್ಣವರಿಗೆ ಅಸಾಧ್ಯವಾಗಿತ್ತು. ಎದುರಿಸಬಹುದಾಗಿದ್ದ ಕಣ ಒಂದೇ, ಅದು ರುಚಿ.

ಓರೆಗಾನ್ ರಾಜ್ಯದಲ್ಲಿ ನಡೆದ ಸರ್ಕಾರಿ ಕೃಷಿ ಸಂಶೋಧನೆಯ ಫಲವಾಗಿ 1972ರಲ್ಲಿ ‘ಕ್ಯಾಸ್ಕೇಡ್’ ಎಂಬ ಹಾಪ್ ತಳಿ ಬಿಡುಗಡೆಯಾಯಿತು. ಚಕ್ಕೋತದ ಸಿಪ್ಪೆಯನ್ನು ಹಿಸುಕಿದಾಗ ಬರುವಂಥ ಪರಿಮಳ ಈ ತಳಿಯ ವಿಶೇಷ. ಕ್ಯಾಲಿಫೋರ್ನಿಯಾದ ಚಿಕೋ ಎಂಬ ಊರಿನಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರಿಗೆ ಸಾಮಗ್ರಿ ಮಾರುವ ಅಂಗಡಿ ನಡೆಸಿದ್ದ ಕೆನ್ ಗ್ರಾಸ್‌ಮನ್ ಅವರು ಪಾಲ್ ಕಮುಸಿ ಅವರೊಡನೆ ಸೇರಿ ಸಿಯೆರಾ ನೆವಾಡಾ ಎಂಬ ಬ್ರೂಯರಿಯನ್ನು ಕಟ್ಟಿ 1980ರಲ್ಲಿ ಉತ್ಪಾದನೆ ಆರಂಭಿಸಿದರು. ಹೈನು ಉದ್ಯಮದವರು ಬಳಸಿ ಬಿಟ್ಟ ಹಳೆಯ ಪಾತ್ರೆಗಳೇ ಅವರ ಯಂತ್ರೋಪಕರಣ. ಕ್ಯಾಸ್ಕೇಡ್ ಬಳಸಿದ ಅವರ ಪೇಲ್ ಏಲ್ ಒಂದೇ ಸಮನಾದ ರುಚಿಗೆ ಬರುವವರೆಗೆ ತಯಾರಾದ ಹಲವು ಬ್ಯಾಚುಗಳನ್ನು ಮಾರದೆ ಚರಂಡಿಗೆ ಚೆಲ್ಲಲಾಯಿತು. ಕೈಯಲ್ಲಿ ಕಾಸಿಲ್ಲದ ಹೊಸ ಘಟಕವೊಂದು ತನ್ನ ಸರಕಿಗೆ ತಾನೇ ಕೊಟ್ಟುಕೊಂಡ ಮೊದಲ ಅಂಕ ಅದು. ಇಂದು ಅದೇ ಸಂಸ್ಥೆ ಅಮೆರಿಕದ ಅತಿ ದೊಡ್ಡ ಕ್ರಾಫ್ಟ್ ಬ್ರೂಯರಿಗಳ ಸಾಲಿನಲ್ಲಿದೆ. 2014ರಲ್ಲಿ ನಾರ್ತ್ ಕ್ಯಾರೊಲಿನಾದಲ್ಲಿ ಎರಡನೆಯ ಕಾರ್ಖಾನೆಯನ್ನೂ ತೆರೆಯಿತು.

ಅಂಕ ನೀಡುವ ಕ್ರಮ

ಎಲ್ಲ ಉತ್ಪಾದಕರಿಗೂ ಇಂಥ ಆತ್ಮಪರೀಕ್ಷೆ ಸಾಧ್ಯವಾಗುವುದಿಲ್ಲ. ಆದುದರಿಂದಲೇ ಹೊರಗಿನ ಪರೀಕ್ಷೆಯ ವ್ಯವಸ್ಥೆ ಬೆಳೆಯಿತು. ಬ್ರಿಟಿಷ್ ಲೇಖಕ ಮೈಕೆಲ್ ಜಾಕ್ಸನ್ 1977ರಲ್ಲಿ ಪ್ರಕಟಿಸಿದ ವಿಶ್ವ ಬಿಯರ್ ಕೈಪಿಡಿ ಬಿಯರುಗಳನ್ನು ಶೈಲಿಗಳಾಗಿ ವಿಂಗಡಿಸುವ ದಾರಿ ತೋರಿತು. 1982ರಲ್ಲಿ ‘ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್’ ಆರಂಭವಾಯಿತು. 1985ರಲ್ಲಿ ತೀರ್ಪುಗಾರರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುವ ಬಿಜೆಸಿಪಿ ಎಂಬ ಸಂಸ್ಥೆ ಹುಟ್ಟಿತು. ಮೂಲತಃ ಮನೆಯಲ್ಲಿ ಬಿಯರ್ ತಯಾರಿಸುವವರ ಸ್ಪರ್ಧೆಗಳಿಗಾಗಿ ರೂಪುಗೊಂಡ ಅದರ ಅಂಕಪಟ್ಟಿ ಸರಳವಾಗಿದೆ. ಒಟ್ಟು 50 ಅಂಕಗಳಲ್ಲಿ ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ದೊರೆಯುವ ಸ್ಪರ್ಶಾನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಕಣ್ಣಿಗೆ ಚೆಂದ ಕಾಣುವುದಕ್ಕೆ ಕೇವಲ ಮೂರು ಅಂಕವೆಂಬುದನ್ನು ಪೊಟ್ಟಣದ ಬಣ್ಣಕ್ಕೆ ಹೆಚ್ಚು ಖರ್ಚು ಮಾಡುವ ಉತ್ಪಾದಕರು ಗಮನಿಸಬೇಕು.

ಅಮೆರಿಕನ್ ಐಪಿಎ ಬಿಯರೊಂದು ಪರೀಕ್ಷೆಗೆ ಬಂದಿದೆ ಎಂದಿಟ್ಟುಕೊಳ್ಳಬಹುದು. ತೀರ್ಪುಗಾರರ ಮೇಜಿನ ಮೇಲೆ ಬಾಟಲಿಯಾಗಲಿ ಲೇಬಲ್ಲಾಗಲಿ ಇರುವುದಿಲ್ಲ. ಸಂಕೇತ ಸಂಖ್ಯೆ ಬರೆದ ಲೋಟ ಮಾತ್ರ ಇರುತ್ತದೆ. ಲೋಟದಲ್ಲಿ ಬೀಳುವುದು ನಾಲ್ಕಾರು ಗುಟುಕು, ಸುಮಾರು 60ರಿಂದ 90 ಮಿಲಿಲೀಟರ್. ಪರಿಮಳ ಬೇಗ ಹಾರಿಹೋಗುವುದರಿಂದ ಮೊದಲ ಕೆಲಸ ಮೂಸುವುದು. ಚಕ್ಕೋತ, ಕಿತ್ತಳೆ, ಪೈನ್ ಮರದ ರಾಳ, ಮಾವು ಅಥವಾ ಹೂವಿನಂಥ ವಾಸನೆಗಳು ಹಾಪ್‌ನಿಂದ ಬರುತ್ತವೆ. ಬ್ರೆಡ್ಡಿನ ಒಳಭಾಗದಂಥ ಮೆಲುವಾಸನೆ ಮೊಳಕೆ ಬರಿಸಿ ಒಣಗಿಸಿದ ಜವೆಗೋಧಿಯಿಂದ, ಅಂದರೆ ಮಾಲ್ಟ್‌ನಿಂದ ಬರುತ್ತದೆ. ಬಳಿಕ ಬಣ್ಣ, ತಿಳಿತನ ಮತ್ತು ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೋಡಲಾಗುತ್ತದೆ. ಆನಂತರ ಒಂದು ಗುಟುಕು. ಬಿಯರಿನ ಪರೀಕ್ಷಕರು ಅದನ್ನು ಉಗುಳದೆ ನುಂಗುತ್ತಾರೆ, ಏಕೆಂದರೆ ನುಂಗಿದ ಮೇಲೆ ನಾಲಗೆಯಲ್ಲಿ ಉಳಿಯುವ ಕಹಿಯನ್ನೂ ಅಳೆಯಬೇಕಾಗುತ್ತದೆ. ಕಹಿ ಶುಚಿಯಾಗಿದ್ದು ಮುಂದಿನ ಗುಟುಕನ್ನು ಕರೆಯುವಂತಿದೆಯೇ, ಅಥವಾ ಒಗರಾಗಿ ಗಂಟಲನ್ನು ಹಿಡಿಯುವಂತಿದೆಯೇ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಒಂದು ಮಾದರಿಗೂ ಇನ್ನೊಂದಕ್ಕೂ ನಡುವೆ ನೀರು ಮತ್ತು ರುಚಿಯಿಲ್ಲದ ಬಿಸ್ಕತ್ತಿನಿಂದ ನಾಲಗೆಯನ್ನು ಶುಚಿಗೊಳಿಸಿಕೊಳ್ಳುತ್ತಾರೆ.

ಪ್ರತಿಯೊಬ್ಬರೂ ಪರಸ್ಪರ ಮಾತಾಡದೆ ಮೊದಲು ತಮ್ಮ ಅಂಕವನ್ನು ಬರೆದಿಡುತ್ತಾರೆ. ಆಮೇಲೆ ಚರ್ಚೆ. ಅಂಕಗಳ ನಡುವೆ ಅಂತರ ಹೆಚ್ಚಾಗಿದ್ದರೆ, ಸಾಮಾನ್ಯವಾಗಿ 7ಕ್ಕಿಂತ ಹೆಚ್ಚಿದ್ದರೆ, ಮತ್ತೊಮ್ಮೆ ರುಚಿ ನೋಡಿ ಹತ್ತಿರಕ್ಕೆ ತರಬೇಕಾಗುತ್ತದೆ. ಹಿರಿಯ ತೀರ್ಪುಗಾರರು ಮೊದಲೇ ಬಾಯಿಬಿಟ್ಟು ಉಳಿದವರ ಅಭಿಪ್ರಾಯವನ್ನು ತಿದ್ದಿಬಿಡುವ ಅಪಾಯವನ್ನು ಈ ಕ್ರಮ ತಪ್ಪಿಸುತ್ತದೆ. ಸಮಿತಿ ಸಭೆಗಳಲ್ಲಿ ಅಧ್ಯಕ್ಷರ ಮಾತೇ ನಿರ್ಣಯವಾಗಿಬಿಡುವುದನ್ನು ಕಂಡವರಿಗೆ ಇದರ ಮಹತ್ವ ವಿವರಿಸಬೇಕಾಗಿಲ್ಲ.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯವಾದುದು. ಸರಕನ್ನು ಅದು ಏನೆಂದು ಹೇಳಿಕೊಂಡಿದೆಯೋ ಅದರ ಅಳತೆಯಲ್ಲೇ ತೂಗಬೇಕು. ಕಹಿಯನ್ನು ಮೆಚ್ಚದ ತೀರ್ಪುಗಾರರು ಕಹಿಯಾಗಿದೆ ಎಂಬ ಕಾರಣಕ್ಕೆ ಐಪಿಎಗೆ ಅಂಕ ಕಡಿಮೆ ಮಾಡುವಂತಿಲ್ಲ. ಆ ಶೈಲಿಗೆ ಮದ್ಯಾಂಶ ಶೇಕಡ 5.5ರಿಂದ 7.5, ಕಹಿಯ ಮಾನ 40ರಿಂದ 70 ಎಂದು ಮಾರ್ಗಸೂಚಿಯಲ್ಲಿ ಮೊದಲೇ ಬರೆದಿರುತ್ತದೆ. ರುಚಿ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ, ಅದನ್ನು ಅಳೆಯಲಾಗದು ಎಂಬ ಆಕ್ಷೇಪಕ್ಕೆ ದೊರೆಯುವ ಉತ್ತರ ಇದೇ. ‘ಇದು ಇಷ್ಟವೇ?’ ಎಂಬ ಪ್ರಶ್ನೆಗೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ‘ಇದು ಹೇಳಿಕೊಂಡಂತೆ ಇದೆಯೇ?’ ಎಂಬ ಪ್ರಶ್ನೆಗೆ ತರಬೇತಿ ಪಡೆದ ಹತ್ತು ಜನರ ಉತ್ತರಗಳು ಬಹುಮಟ್ಟಿಗೆ ಕೂಡಿಬರುತ್ತವೆ.

ದೋಷದ ಹೆಸರು, ದೋಷದ ಮೂಲ

ಅಂಕಕ್ಕಿಂತ ಹೆಚ್ಚಿನ ಬೆಲೆ ಅದರ ಪಕ್ಕದಲ್ಲಿ ಬರೆಯುವ ಕಾರಣಕ್ಕಿದೆ. 1970ರ ದಶಕದಲ್ಲಿ ಡೆನ್ಮಾರ್ಕ್ ಮೂಲದ ವಿಜ್ಞಾನಿ ಮಾರ್ಟನ್ ಮೈಲ್‌ಗಾರ್ಡ್ ಬಿಯರಿನ ರುಚಿ ಮತ್ತು ವಾಸನೆಗಳಿಗೆ ಒಂದು ಚಕ್ರಾಕಾರದ ಪಟ್ಟಿಯನ್ನು ರೂಪಿಸಿದರು. ಅದರಿಂದಾಗಿ ಬೇರೆ ಬೇರೆ ದೇಶಗಳ ತಯಾರಕರು ಒಂದೇ ವಾಸನೆಯನ್ನು ಒಂದೇ ಹೆಸರಿನಿಂದ ಕರೆಯುವುದು ಸಾಧ್ಯವಾಯಿತು. ಕಾರ್ಖಾನೆಯ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ, ಏಕೆಂದರೆ ಪ್ರತಿಯೊಂದು ಹೆಸರೂ ತಯಾರಿಕೆಯ ಒಂದೊಂದು ಹಂತದತ್ತ ಬೆರಳು ತೋರಿಸುತ್ತದೆ.

ಬಿಯರಿನಲ್ಲಿ ಬೆಣ್ಣೆಯ ವಾಸನೆ ಬಂದರೆ ಹುದುಗುವಿಕೆಯ ಕೊನೆಯಲ್ಲಿ ಯೀಸ್ಟ್‌ಗೆ ಸಾಕಷ್ಟು ಸಮಯ ಕೊಟ್ಟಿಲ್ಲ, ಅಥವಾ ಎಲ್ಲೋ ಬ್ಯಾಕ್ಟೀರಿಯಾ ಸೇರಿದೆ ಎಂದು ಅರ್ಥ. ಬೇಯಿಸಿದ ಮುಸುಕಿನ ಜೋಳದ ವಾಸನೆ ಬಂದರೆ ಕುದಿಸಿದ್ದು ಸಾಲದು, ಅಥವಾ ತಣಿಸುವುದು ತಡವಾಯಿತು. ಹಸಿ ಸೇಬಿನ ವಾಸನೆ ಇದ್ದರೆ ಬಿಯರು ಪಕ್ವವಾಗುವ ಮೊದಲೇ ಹೊರಬಂದಿದೆ. ಹಾಪ್‌ನಿಂದ ಹಳಸಿದ ಚೀಸಿನ ನಾತ ಬಂದರೆ ಆ ಹೂವನ್ನು ಶೀತಗೃಹದಲ್ಲಿ ಇಡದೆ ಹಳತಾಗಲು ಬಿಟ್ಟಿದ್ದಾರೆ. ಚಹಾ ಚರಟದಂಥ ಒಗರು ಬಂದರೆ ಮಾಲ್ಟ್‌ನ ಹೊಟ್ಟಿನಿಂದ ಬೇಡದ ಅಂಶವನ್ನು ಹಿಂಡಿ ತೆಗೆದಿರುವ ಸಾಧ್ಯತೆಯಿದೆ. ಒದ್ದೆ ರಟ್ಟಿನ ವಾಸನೆ ಎಂದರೆ ಆಮ್ಲಜನಕ ಸೇರಿ ಸರಕು ಮುಪ್ಪಾಗಿದೆ.

‘ಚೆನ್ನಾಗಿಲ್ಲ’ ಎಂಬ ಮಾತಿನಿಂದ ತಯಾರಕನಿಗೆ ದುಃಖವಾಗುತ್ತದೆಯೇ ಹೊರತು ಪ್ರಯೋಜನವಾಗುವುದಿಲ್ಲ. ‘ಬೆಣ್ಣೆ ವಾಸನೆ ಇದೆ, 50ಕ್ಕೆ 24’ ಎಂಬ ಎರಡು ಸಾಲು ಮರುದಿನ ಬೆಳಿಗ್ಗೆ ಯಾವ ತೊಟ್ಟಿಯನ್ನು ನೋಡಬೇಕೆಂದು ತಿಳಿಸುತ್ತದೆ. ಸಂಬಳಕ್ಕೆ ತಜ್ಞರನ್ನಿಟ್ಟುಕೊಳ್ಳಲಾಗದ ಘಟಕಕ್ಕೆ ಸ್ಪರ್ಧೆಯ ಪ್ರವೇಶ ಶುಲ್ಕದಲ್ಲೇ ತಜ್ಞರ ಸಲಹೆ ದೊರೆತಂತಾಗುತ್ತದೆ. ಪದಕ ಬರುವುದು ಒಬ್ಬಿಬ್ಬರಿಗೆ. ಸಲಹೆಯ ಹಾಳೆ ಸೋತವರ ಕೈಗೂ ಬರುತ್ತದೆ.

ಅಂಕಿಯ ಮೋಹ

ಹಾಪ್‌ನಲ್ಲಿರುವ ಆಲ್ಫಾ ಆಮ್ಲಗಳು ಕುದಿಯುವಾಗ ರೂಪಾಂತರ ಹೊಂದಿ ಕಹಿಯನ್ನು ಕೊಡುತ್ತವೆ. ಆ ಕಹಿಯ ಮಾನವನ್ನು ಐಬಿಯು ಎಂದು ಕರೆಯುತ್ತಾರೆ. ಲೀಟರೊಂದಕ್ಕೆ ಸರಿಸುಮಾರು ಒಂದು ಮಿಲಿಗ್ರಾಂ ಕಹಿ ಅಂಶವಿದ್ದರೆ ಒಂದು ಐಬಿಯು. ತಯಾರಕರಿಗೆ ಇದು ಉಪಯುಕ್ತ ಅಳತೆ. ಆದರೆ ಅದು ಲೇಬಲ್ ಮೇಲೆ ಬಂದಕೂಡಲೇ ಪೈಪೋಟಿಯ ವಸ್ತುವಾಯಿತು. ಒಬ್ಬರು 70 ಎಂದರೆ ಇನ್ನೊಬ್ಬರು 100 ಎಂದರು. ಡೆನ್ಮಾರ್ಕಿನ ಮಿಕೆಲರ್ ಸಂಸ್ಥೆ ‘1000 ಐಬಿಯು’ ಎಂಬ ಹೆಸರಿನ ಬಿಯರನ್ನೇ ಮಾರುಕಟ್ಟೆಗೆ ತಂದಿತು. ಅದು ಲೆಕ್ಕಾಚಾರದ ಮಟ್ಟಿಗಿನ ಅಂಕಿ. ಅಷ್ಟು ಪ್ರಮಾಣದ ಕಹಿ ಅಂಶ ಬಿಯರಿನಲ್ಲಿ ಕರಗಿ ನಿಲ್ಲುವುದಿಲ್ಲ.

ಅಂಕಿಗೂ ನಾಲಗೆಗೂ ನೇರ ಸಂಬಂಧವೂ ಇಲ್ಲ. ಮಾಲ್ಟ್‌ನ ಸಿಹಿ ಹೆಚ್ಚಿರುವ ಬಿಯರಿನಲ್ಲಿ 60ರ ಕಹಿ ಸೌಮ್ಯವಾಗಿ ತೋರುತ್ತದೆ. ಸಿಹಿ ಇಲ್ಲದ ತೆಳು ಬಿಯರಿನಲ್ಲಿ 40ರ ಕಹಿಯೇ ತೀಕ್ಷ್ಣವೆನಿಸುತ್ತದೆ. ಸುಮಾರು 38 ಐಬಿಯು ಇರುವ ಸಿಯೆರಾ ನೆವಾಡಾ ಪೇಲ್ ಏಲ್ ದಶಕಗಳ ಕಾಲ ಮಾರುಕಟ್ಟೆಯಲ್ಲಿ ಉಳಿದುಬಂದಿದ್ದು ಅಂಕಿಯ ಬಲದಿಂದಲ್ಲ. ಹುರಿದ ಕಾಫಿಯ ಕಡುಬಣ್ಣ, ಮೆಣಸಿನ ಪುಡಿಯ ಕೆಂಪು, ಬೆಲ್ಲದ ಹೊಳಪು ಮುಂತಾದ ಒಂದೇ ಗುಣವನ್ನು ಹಿಗ್ಗಿಸಿ ಮಾರುವ ಎಲ್ಲ ವ್ಯಾಪಾರಗಳಿಗೂ ಈ ಮಾತು ಅನ್ವಯಿಸುತ್ತದೆ.

ಅಳತೆಗೋಲು ಕಲ್ಲಿನ ಮೇಲಿನ ಬರಹವಾಗಿಯೂ ಇರಬಾರದು. ವರ್ಮಾಂಟ್ ರಾಜ್ಯದ ಆಲ್ಕೆಮಿಸ್ಟ್ ಬ್ರೂಯರಿಯ ‘ಹೆಡ್ಡಿ ಟಾಪರ್’ನಂಥ ಮಸುಕಾದ, ಕಹಿ ತಗ್ಗಿಸಿ ಹಣ್ಣಿನ ಪರಿಮಳ ಹೆಚ್ಚಿಸಿದ ಐಪಿಎಗಳು ಜನಪ್ರಿಯವಾದಾಗ ಹಳೆಯ ನಿಯಮದ ಪ್ರಕಾರ ಅವುಗಳ ಮಸುಕೇ ಒಂದು ದೋಷವಾಗಿತ್ತು. ಕೊಳ್ಳುವವರು ಸಾಲು ನಿಂತರು. ಕೊನೆಗೆ 2018ರಲ್ಲಿ ಅಮೆರಿಕದ ಬ್ರೂಯರ್ಸ್ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಇವುಗಳಿಗೆ ಪ್ರತ್ಯೇಕ ಶೈಲಿಯ ಸ್ಥಾನ ಕೊಟ್ಟಿತು. ಮಾರುಕಟ್ಟೆ ಮುಂದೆ ನಡೆದಾಗ ಮಾನದಂಡ ಹಿಂಬಾಲಿಸಬೇಕು. ಆದರೆ ಗಡಿಬಿಡಿಯಿಂದಲ್ಲ, ಹೊಸದನ್ನೂ ಬರೆದು ವ್ಯಾಖ್ಯಾನಿಸಿದ ಮೇಲೆ.

ಅಂಗಡಿಯ ಕಪಾಟಿನಲ್ಲಿ ಕಳೆದುಹೋಗುವ ಅಂಕ

ಹಾಪ್ ಬಿಯರಿನ ಅಂಕಪಟ್ಟಿ ವರ್ತಕರಿಗೆ ಕಲಿಸುವ ಪಾಠ ಇನ್ನೂ ನೇರವಾದುದು. ಹಾಪ್‌ನ ಪರಿಮಳ ಅದರ ಆವಿಶೀಲ ತೈಲಗಳಲ್ಲಿದೆ. ಕುದಿಸುವ ಕೊನೆಯಲ್ಲಿ, ಅಥವಾ ಹುದುಗುವಿಕೆಯ ನಂತರ ತಣ್ಣಗಿನ ಬಿಯರಿಗೇ ಹೂವನ್ನು ಸೇರಿಸಿ ಈ ಪರಿಮಳವನ್ನು ಹಿಡಿದಿಡುತ್ತಾರೆ. ಬಾಟಲಿಗೆ ತುಂಬಿದ ದಿನದಿಂದಲೇ ಅದು ಕುಗ್ಗತೊಡಗುತ್ತದೆ; ಶಾಖ ಮತ್ತು ಆಮ್ಲಜನಕ ಕುಗ್ಗುವಿಕೆಯ ವೇಗವನ್ನು ಹೆಚ್ಚಿಸುತ್ತವೆ. ಬೆಳಕು ಮತ್ತೊಂದು ಶತ್ರು. ಬಿಸಿಲಿಗೆ ಬಿದ್ದ ಪಾರದರ್ಶಕ ಅಥವಾ ಹಸಿರು ಬಾಟಲಿಯಲ್ಲಿ ಕಹಿ ಅಂಶಗಳು ಒಡೆದು ಸ್ಕಂಕ್ ಎಂಬ ಪ್ರಾಣಿಯ ದುರ್ವಾಸನೆಯನ್ನು ಹೋಲುವ ಗಂಧಕದ ಸಂಯುಕ್ತ ಉಂಟಾಗುತ್ತದೆ. ಕಂದು ಗಾಜು ಇದನ್ನು ಬಹುಮಟ್ಟಿಗೆ ತಡೆಯುತ್ತದೆ, ಲೋಹದ ಡಬ್ಬಿ ಪೂರ್ಣವಾಗಿ ತಡೆಯುತ್ತದೆ.

ಇದರ ಅರ್ಥವೇನು? ಕಾರ್ಖಾನೆಯ ಬಾಗಿಲಲ್ಲಿ 45 ಅಂಕ ಪಡೆಯಬಹುದಾದ ಸರಕು, ಬಿಸಿಲು ಬೀಳುವ ಅಂಗಡಿಯ ಕಿಟಕಿಯಲ್ಲಿ ಕೆಲವು ತಿಂಗಳು ಕಳೆದರೆ 30ಕ್ಕೂ ಅರ್ಹವಾಗಿರುವುದಿಲ್ಲ. ಗ್ರಾಹಕರು ದೂರುವುದು ಅಂಗಡಿಯವರನ್ನಲ್ಲ, ಲೇಬಲ್ ಮೇಲಿನ ಹೆಸರನ್ನು. ಕ್ಯಾಲಿಫೋರ್ನಿಯಾದ ಸ್ಟೋನ್ ಬ್ರೂಯಿಂಗ್ ಸಂಸ್ಥೆ 2012ರಲ್ಲಿ ಇದಕ್ಕೊಂದು ದಿಟ್ಟ ಪರಿಹಾರ ಕಂಡುಕೊಂಡಿತು. ಇಂಥ ದಿನಾಂಕದೊಳಗೆ ಕುಡಿದು ಮುಗಿಸಿ ಎಂಬುದನ್ನೇ ಬಿಯರಿನ ಹೆಸರಾಗಿಸಿ, ದಿನಾಂಕವನ್ನು ಲೇಬಲ್ಲಿನ ನಡುವೆ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿತು. ತುಂಬಿದ ದಿನದಿಂದ ಕೊಟ್ಟ ಅವಧಿ ಐದು ವಾರಗಳಷ್ಟು. ಅವಧಿ ಮೀರಿದ್ದನ್ನು ಕಪಾಟಿನಲ್ಲಿ ಇಟ್ಟುಕೊಳ್ಳಲು ಯಾವ ಅಂಗಡಿಗೂ ಧೈರ್ಯ ಬರುವುದಿಲ್ಲ. ಅಲ್ಪಾಯುಷ್ಯ ಎಂಬ ದೌರ್ಬಲ್ಯವೇ ತಾಜಾತನದ ಭರವಸೆಯಾಗಿ ಮಾರಾಟವಾಯಿತು.

ಉತ್ತಮ ಸರಕಿನ ಅರ್ಧ ತಯಾರಿಕೆ ಕಾರ್ಖಾನೆಯಲ್ಲಾದರೆ ಉಳಿದರ್ಧ ಗೋದಾಮು, ಲಾರಿ ಮತ್ತು ಕಪಾಟಿನಲ್ಲಿ ಆಗುತ್ತದೆ. ಹಳೆಯ ದಾಸ್ತಾನನ್ನು ಮುಂದಿಟ್ಟು ಹೊಸದನ್ನು ಹಿಂದಿಡುವ ಕೆಲಸವನ್ನು ಅಂಗಡಿಯ ಹುಡುಗರಿಗೆ ಬಿಟ್ಟು ಮರೆತುಬಿಡುವ ವರ್ತಕರು ಉತ್ಪಾದಕರ ಅಂಕವನ್ನೇ ಖರ್ಚು ಮಾಡುತ್ತಿರುತ್ತಾರೆ.

ತೀರ್ಪುಗಾರ ಯಾರ ಕಡೆಯವನು?

ಪ್ರಮಾಣಪತ್ರವುಳ್ಳ ತೀರ್ಪುಗಾರರ ಜೊತೆಗೆ ಸಾಮಾನ್ಯ ಗ್ರಾಹಕರೇ ಅಂಕ ನೀಡುವ ವ್ಯವಸ್ಥೆಯೂ ಬೆಳೆಯಿತು. ಸಾವಿರಾರು ಜನರ ಅಭಿಪ್ರಾಯ ಒಂದೆಡೆ ಸೇರುವುದರಿಂದ, ದೂರದ ಊರಿನ ಹೆಸರಿಲ್ಲದ ಬ್ರೂಯರಿಗೂ ರಾತ್ರಿ ಬೆಳಗಾಗುವುದರೊಳಗೆ ಖ್ಯಾತಿ ಬಂದ ಉದಾಹರಣೆಗಳಿವೆ. ಇದರಲ್ಲಿ ಎರಡು ದೋಷಗಳೂ ಇವೆ. ಮೊದಲನೆಯದು, ಲೇಬಲ್ ನೋಡಿ ಕೊಡುವ ಅಂಕದಲ್ಲಿ ಅಪರೂಪಕ್ಕೂ ತೀವ್ರತೆಗೂ ಬೆಲೆ ಹೆಚ್ಚು. ಮದ್ಯಾಂಶ ಹೆಚ್ಚಿರುವ, ಸುಲಭವಾಗಿ ಸಿಗದ ಬಿಯರುಗಳೇ ಇಂಥ ಪಟ್ಟಿಗಳ ಮೇಲ್ತುದಿಯಲ್ಲಿ ಕಾಣುತ್ತವೆ. ವರ್ಷವಿಡೀ ಒಂದೇ ಗುಣಮಟ್ಟ ಕಾಯ್ದುಕೊಳ್ಳುವ ನಿತ್ಯಬಳಕೆಯ ಪೇಲ್ ಏಲ್ ಮಧ್ಯದಲ್ಲೆಲ್ಲೋ ಉಳಿಯುತ್ತದೆ. ಉತ್ಪಾದನೆಯ ದೃಷ್ಟಿಯಿಂದ ಎರಡನೆಯದೇ ಕಷ್ಟದ ಕೆಲಸ.

ಎರಡನೆಯ ದೋಷ ಇನ್ನೂ ಗಂಭೀರ. 2000ದಲ್ಲಿ ಆರಂಭವಾದ ರೇಟ್‌ಬಿಯರ್ ಎಂಬ ಶ್ರೇಯಾಂಕ ಸಂಸ್ಥೆ ಈ ಕ್ಷೇತ್ರದಲ್ಲಿ ಬಹಳ ಪ್ರಭಾವಶಾಲಿಯಾಗಿತ್ತು. ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿಯಾದ ಎಬಿ ಇನ್‌ಬೆವ್‌ಗೆ ಸೇರಿದ ವಿಭಾಗವೊಂದು 2016ರಲ್ಲಿ ಅದರಲ್ಲಿ ಪಾಲು ಖರೀದಿಸಿತು. ಸಂಗತಿ ಬಹಿರಂಗವಾದದ್ದು 2017ರಲ್ಲಿ. ತೂಗುವವನೂ ಮಾರುವವನೂ ಒಬ್ಬನೇ ಆಗಬಾರದೆಂದು ಆಕ್ಷೇಪಿಸಿ, ಡಾಗ್‌ಫಿಶ್ ಹೆಡ್ ಬ್ರೂಯರಿ ತನ್ನ ಬಿಯರುಗಳ ಶ್ರೇಯಾಂಕವನ್ನು ತೆಗೆದುಹಾಕುವಂತೆ ಕೇಳಿತು. 2019ರಲ್ಲಿ ಸಂಸ್ಥೆ ಪೂರ್ಣವಾಗಿ ಆ ಕಂಪನಿಯ ವಶವಾಯಿತು. 2025ರ ಫೆಬ್ರವರಿಯಲ್ಲಿ ಬಾಗಿಲು ಮುಚ್ಚಿತು. ಅಂಕಗಳಲ್ಲಿ ಮೋಸ ನಡೆಯಿತೆಂದು ಹೇಳಬೇಕಾದ ಅಗತ್ಯವೇ ಇಲ್ಲ. ತಕ್ಕಡಿ ಹಿಡಿದ ಕೈಯ ಮೇಲೆ ಸಂಶಯ ಬಂದರೆ ತೂಕ ಸರಿಯಿದ್ದರೂ ಗಿರಾಕಿ ನಂಬುವುದಿಲ್ಲ.

ಅಂಕಪಟ್ಟಿ ಸರ್ವರೋಗಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಬ್ರೂಯರಿಗಳ ಸಂಖ್ಯೆ ನೂರರ ಒಳಗಿನಿಂದ ಒಂಬತ್ತು ಸಾವಿರ ದಾಟಿತು. ಆದರೆ 2024ರಲ್ಲಿ ಹೊಸದಾಗಿ ತೆರೆದವುಗಳಿಗಿಂತ ಮುಚ್ಚಿದವುಗಳೇ ಹೆಚ್ಚು. ಕ್ಯಾಸ್ಕೇಡ್ ಹಾಪ್ ಬಳಸಿದ ‘ಲಿಬರ್ಟಿ ಏಲ್’ನಿಂದ 1975ರಲ್ಲೇ ದಾರಿ ತೋರಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಆಂಕರ್ ಬ್ರೂಯಿಂಗ್ 2023ರಲ್ಲಿ ಕೆಲಸ ನಿಲ್ಲಿಸಿತು. ಉತ್ತಮ ರುಚಿ ವ್ಯಾಪಾರದ ಅಗತ್ಯಗಳಲ್ಲಿ ಒಂದು; ಲೆಕ್ಕಪತ್ರ, ವಿತರಣೆ, ಬೇಡಿಕೆಯ ಅಂದಾಜು ಇವುಗಳ ಕೆಲಸವನ್ನು ಅದು ಮಾಡಲಾರದು.

ಕರ್ನಾಟಕದಲ್ಲಿ ಆಗಬೇಕಾದ ಕೆಲಸ

ರುಚಿಯನ್ನು ಶಿಸ್ತಿನಿಂದ ಅಳೆಯುವುದು ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕಾಫಿ ಮಂಡಳಿಯ ರುಚಿ ಪರೀಕ್ಷಕರು ಕೊಡಗು, ಚಿಕ್ಕಮಗಳೂರು, ಹಾಸನಗಳ ಬೀಜವನ್ನು ಹುರಿದು, ಬಟ್ಟಲುಗಳಲ್ಲಿ ಬಿಸಿನೀರು ಹೊಯ್ದು, ಚಮಚದಿಂದ ಸೊರ್ರೆಂದು ಹೀರಿ ಗುಣದೋಷಗಳನ್ನು ಹೇಳುತ್ತ ಬಂದಿದ್ದಾರೆ. ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ದೀರ್ಘಕಾಲ ನಡೆದುಬಂದ 100 ಅಂಕಗಳ ಪದ್ಧತಿಯಲ್ಲಿ 80 ಅಥವಾ ಅದಕ್ಕಿಂತ ಹೆಚ್ಚು ಪಡೆದ ಕಾಫಿಗೆ ವಿಶೇಷ ದರ್ಜೆಯ ಮನ್ನಣೆ ಸಿಗುತ್ತದೆ ಎಂಬುದನ್ನು ಬೆಳೆಗಾರರು ಬಲ್ಲರು. ಆ ಒಂದು ಅಂಕಿಯ ಆಚೆ ಈಚೆ ಇರುವ ಬೆಲೆಯ ವ್ಯತ್ಯಾಸವನ್ನೂ ಬಲ್ಲರು.

2010ರ ನಂತರ ಬೆಂಗಳೂರಿನಲ್ಲಿ ತಯಾರಾದ ಸ್ಥಳದಲ್ಲೇ ಬಿಯರ್ ಬಡಿಸುವ ಮೈಕ್ರೋಬ್ರೂಯರಿಗಳು ಬೆಳೆದಿವೆ. ಹಾಪ್ ಪರಿಮಳದ ದೃಷ್ಟಿಯಿಂದ ಇದು ಅನುಕೂಲವೇ. ಸರಕು ತೊಟ್ಟಿಯಿಂದ ನೇರವಾಗಿ ಲೋಟಕ್ಕೆ ಬರುತ್ತದೆ, ಕಪಾಟಿನಲ್ಲಿ ಮುಪ್ಪಾಗುವ ಪ್ರಶ್ನೆಯಿಲ್ಲ. ಆದರೆ ಹಾಪ್ ಹೂವು ಬಹುತೇಕ ಹೊರದೇಶಗಳಿಂದ ಬರಬೇಕಾಗಿರುವುದರಿಂದ ಅದರ ಸಾಗಣೆ ಮತ್ತು ಶೀತಲ ಸಂಗ್ರಹಣೆಯಲ್ಲಿ ಎಚ್ಚರ ತಪ್ಪುವಂತಿಲ್ಲ. ಮದ್ಯದ ಜಾಹೀರಾತಿಗೆ ನಿರ್ಬಂಧವಿರುವ ದೇಶದಲ್ಲಿ ನಂಬಲರ್ಹವಾದ ಪರೀಕ್ಷೆಯ ಫಲಿತಾಂಶಕ್ಕೆ ಇನ್ನಷ್ಟು ಬೆಲೆಯಿದೆ.

ಈ ಶಿಸ್ತು ಕಾಫಿ ಮತ್ತು ಬಿಯರಿಗಷ್ಟೇ ಮೀಸಲಾಗಬೇಕಾಗಿಲ್ಲ. ಮಸಾಲೆ ಪುಡಿ, ಉಪ್ಪಿನಕಾಯಿ, ಬೆಲ್ಲ, ಹಪ್ಪಳ, ಗಾಣದ ಎಣ್ಣೆ, ಬೇಕರಿ ತಿನಿಸು ಇವುಗಳನ್ನು ತಯಾರಿಸುವ ಸಾವಿರಾರು ಘಟಕಗಳು ರಾಜ್ಯದಲ್ಲಿವೆ. ಸರ್ಕಾರದ ಆಹಾರ ಸುರಕ್ಷತಾ ಪರೀಕ್ಷೆ ಸರಕು ತಿನ್ನಲು ಯೋಗ್ಯವೇ ಎಂದು ಹೇಳುತ್ತದೆ. ರುಚಿಯಾಗಿದೆಯೇ ಎಂದು ಹೇಳುವುದು ಅದರ ಕೆಲಸವಲ್ಲ. ಆ ಕೆಲಸವನ್ನು ವಾಣಿಜ್ಯ ಸಂಸ್ಥೆಗಳೂ ಆಯಾ ಉದ್ಯಮದ ಸಂಘಗಳೂ ಕೈಗೆತ್ತಿಕೊಳ್ಳಬಹುದು. ಅದಕ್ಕೆ ಭಾರಿ ಬಂಡವಾಳ ಬೇಕಾಗಿಲ್ಲ. ಬೇಕಾದವು ಇಷ್ಟು:

ಒಂದು, ಆಯಾ ಸರಕಿನ ಪ್ರತಿಯೊಂದು ಬಗೆಯೂ ಹೇಗಿರಬೇಕೆಂದು ತಯಾರಕರೇ ಕೂಡಿ ಒಂದು ಪುಟದಲ್ಲಿ ಬರೆದುಕೊಳ್ಳಬೇಕು. ಮಂಡ್ಯದ ಅಚ್ಚುಬೆಲ್ಲವನ್ನು ಮಹಾಲಿಂಗಪುರದ ಪೆಂಟೆ ಬೆಲ್ಲದ ಅಳತೆಯಲ್ಲಿ ತೂಗುವಂತಾಗಬಾರದು. ಎರಡು, ಹೆಸರು ಮರೆಮಾಡಿ ಸಂಖ್ಯೆಯಿಂದ ಗುರುತಿಸಿದ ಮಾದರಿಗಳನ್ನು ಐದಾರು ಜನರ ತಂಡ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ತಂಡದಲ್ಲಿ ತಯಾರಕರು, ವರ್ತಕರು, ಅಡುಗೆಯವರು, ಗ್ರಾಹಕರು ಎಲ್ಲರೂ ಇರಬೇಕು, ಯಾರೂ ತಮ್ಮ ಸರಕಿಗೆ ತಾವೇ ಅಂಕ ಕೊಡಬಾರದು. ಮೂರು, ಒಂದು ಮಾದರಿ ಕಾರ್ಖಾನೆಯಿಂದ ಬಂದರೆ ಇನ್ನೊಂದನ್ನು ಅಂಗಡಿಯ ಕಪಾಟಿನಿಂದ ಕೊಂಡು ತರಬೇಕು. ನಾಲ್ಕು, ಅಂಕದ ಪಕ್ಕದಲ್ಲಿ ಕಾರಣ ಬರೆಯುವುದು ಕಡ್ಡಾಯವಾಗಬೇಕು. ಆ ಹಾಳೆ ತಯಾರಕರ ಕೈಗೆ ಮಾತ್ರ ತಲುಪಬೇಕು. ಐದು, ಖರ್ಚನ್ನು ಭಾಗವಹಿಸುವವರೆಲ್ಲ ಸಮನಾಗಿ ಭರಿಸಬೇಕು. ದೊಡ್ಡ ಪ್ರಾಯೋಜಕರೊಬ್ಬರ ಹಣದಿಂದ ನಡೆಯುವ ಪರೀಕ್ಷೆ ರೇಟ್‌ಬಿಯರಿನ ಹಾದಿಯನ್ನೇ ಹಿಡಿಯುತ್ತದೆ.

ಇಂಥ ಪರೀಕ್ಷೆಗೆ ಒಡ್ಡಿಕೊಳ್ಳಲು ಹಿಂಜರಿಕೆ ಸಹಜ. ಇಪ್ಪತ್ತು ವರ್ಷ ಮಾರಿದ ಪುಡಿಗೆ 50ಕ್ಕೆ 26 ಬಂದರೆ ಮನಸ್ಸಿಗೆ ನೋವಾಗದಿರದು. ಆದರೆ ಆ 26ನ್ನು ಗ್ರಾಹಕರು ಈಗಾಗಲೇ ಕೊಟ್ಟಿರುತ್ತಾರೆ. ತಯಾರಕರಿಗೆ ತಿಳಿಸಿರುವುದಿಲ್ಲ ಅಷ್ಟೇ. ಚಿಕೋ ಊರಿನ ಹಳೆಯ ಹಾಲಿನ ಪಾತ್ರೆಗಳಿಂದ ಚರಂಡಿಗೆ ಹರಿದ ಬಿಯರು ಅಂದಿನ ಮಟ್ಟಿಗೆ ನಷ್ಟವೇ ಆಗಿತ್ತು. ಅದನ್ನು ಮಾರಿದ್ದರೆ ಆಗುತ್ತಿದ್ದ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುತ್ತಿರಲಿಲ್ಲ. ಆ ಕಾಣದ ನಷ್ಟವನ್ನು ಅಂಕಿಯಲ್ಲಿ ಬರೆದು ಮುಂದಿಡುವುದೇ ಅಂಕಪಟ್ಟಿಯ ಪ್ರಯೋಜನ.